ಕಡಲಿಗಿಳಿದ ಹಗ್ಗದ ಭಾರ

1857ರ ಆಗಸ್ಟ್ 11ರ ನಸುಕಿನಲ್ಲಿ, ಐರ್ಲೆಂಡಿನಿಂದ ಪಶ್ಚಿಮಕ್ಕೆ ಹೊರಟಿದ್ದ ‘ನಯಾಗರ’ ಎಂಬ ಅಮೆರಿಕದ ಯುದ್ಧನೌಕೆಯ ಹಿಂಭಾಗದಿಂದ ಸಮುದ್ರಕ್ಕೆ ಇಳಿಯುತ್ತಿದ್ದ ಕೇಬಲ್ ತುಂಡಾಯಿತು. ಅಟ್ಲಾಂಟಿಕ್ ಸಾಗರದ ತಳದಲ್ಲಿ ಟೆಲಿಗ್ರಾಫ್ ತಂತಿ ಹಾಸುವ ಮೊದಲ ಪ್ರಯತ್ನ ಅದು. ಅಷ್ಟರಲ್ಲಿ ಸುಮಾರು 600 ಕಿಲೋಮೀಟರ್ ಕೇಬಲ್ ನೀರಿನ ಪಾಲಾಗಿತ್ತು. ತುಂಡಾದ ತುದಿ ಮೂರೂವರೆ ಕಿಲೋಮೀಟರಿಗೂ ಹೆಚ್ಚಿನ ಆಳಕ್ಕೆ ಜಾರಿಹೋಯಿತು. ಆ ವರ್ಷದ ಕೆಲಸ ಅಲ್ಲಿಗೆ ನಿಂತಿತು.

ವಿಚಿತ್ರವೆಂದರೆ, ಕಾಗದದ ಮೇಲಿನ ಲೆಕ್ಕದ ಪ್ರಕಾರ ಅದು ತುಂಡಾಗಬಾರದಿತ್ತು. ಆ ಕೇಬಲ್ ಸುಮಾರು 3,300 ಕಿಲೋ ಎಳೆತವನ್ನು ತಾಳಬಲ್ಲದಾಗಿತ್ತು. ನೀರಿನೊಳಗೆ ಅದರ ತೂಕ ಮೀಟರಿಗೆ ಸುಮಾರು 370 ಗ್ರಾಂ. ಅಂದರೆ ತನ್ನದೇ ಒಂಬತ್ತು ಕಿಲೋಮೀಟರ್ ಉದ್ದವನ್ನು ನೀರಿನಲ್ಲಿ ನೇತುಹಾಕಿದರೂ ಅದು ಹರಿಯಬಾರದು. ಆ ಜಾಗದ ಆಳ ಅದರ ಅರ್ಧಕ್ಕಿಂತ ಕಡಿಮೆ. ಹಾಗಾದರೆ ಹರಿದದ್ದು ಏಕೆ?

ಈ ಪ್ರಶ್ನೆಗೆ ಸಿಕ್ಕ ಉತ್ತರದಿಂದ ಒಂದು ದೀರ್ಘ ಇತಿಹಾಸ ಶುರುವಾಗುತ್ತದೆ. ಇಂದು ತೈಲದ ಪೈಪುಗಳು, ಲಂಗರಿನ ಸರಪಳಿಗಳು, ಇಂಟರ್ನೆಟ್ಟಿನ ಕೇಬಲ್‌ಗಳು ಕಡಲಿಗೆ ಇಳಿಯುವ ಮೊದಲು ಕಂಪ್ಯೂಟರಿನೊಳಗೆ ಇಳಿಯುತ್ತವೆ. ಸಿಮ್ಯುಲೇಷನ್ ಮುಗಿದ ಮೇಲೆ ತೆರೆಯ ಮೇಲೆ ಸಾವಿರಾರು ಸಂಖ್ಯೆಗಳು ಮೂಡುತ್ತವೆ: ಇಲ್ಲಿ ಇಷ್ಟು ಎಳೆತ, ಅಲ್ಲಿ ಇಷ್ಟು ಬಾಗು, ಈ ಕ್ಷಣದಲ್ಲಿ ಅತಿ ಹೆಚ್ಚು ಭಾರ ಇಷ್ಟು. ಆ ಸಂಖ್ಯೆಗಳನ್ನು ಓದುವ ವಿದ್ಯೆಯನ್ನು ಮನುಷ್ಯರು ಕಲಿತದ್ದು ಒಂದೇ ದಿನದಲ್ಲಲ್ಲ. ಕಲಿಕೆಯ ಪ್ರತಿ ಹೆಜ್ಜೆಗೂ ಎಲ್ಲೋ ಒಂದು ಹಗ್ಗ ಹರಿದಿದೆ, ಹಣ ಮುಳುಗಿದೆ, ಕೆಲವೊಮ್ಮೆ ಜನ ಸತ್ತಿದ್ದಾರೆ.

*

ನೇತಾಡುವ ಹಗ್ಗದ ಆಕಾರವೇ ಬಹುಕಾಲ ಒಂದು ಒಗಟಾಗಿತ್ತು. ಎರಡು ಗೂಟಗಳ ನಡುವೆ ಇಳಿಬಿಟ್ಟ ಸರಪಳಿ ಹೆಚ್ಚುಕಡಿಮೆ ಪ್ಯಾರಾಬೋಲದಂತೆ ಕಾಣುತ್ತದೆ ಎಂದು ಗೆಲಿಲಿಯೋ 1638ರ ತನ್ನ ಪುಸ್ತಕದಲ್ಲಿ ಬರೆದಿದ್ದ. ಅದು ನಿಜವಾಗಿ ಪ್ಯಾರಾಬೋಲ ಅಲ್ಲ ಎಂದು ಜರ್ಮನಿಯ ಯೋಆಖಿಮ್ ಯೂಂಗಿಯಸ್ ತೋರಿಸಿದ. 1690ರಲ್ಲಿ ಯಾಕೋಬ್ ಬರ್ನೂಲಿ ಇದನ್ನೇ ಬಹಿರಂಗ ಸವಾಲಾಗಿ ಮುಂದಿಟ್ಟ. ಮರುವರ್ಷ ಲೈಬ್ನಿಟ್ಸ್, ಹೈಗೆನ್ಸ್ ಮತ್ತು ಯಾಕೋಬನ ತಮ್ಮ ಯೋಹಾನ್ ಬರ್ನೂಲಿ ಮೂವರೂ ಬೇರೆ ಬೇರೆಯಾಗಿ ಉತ್ತರ ಕೊಟ್ಟರು. ಸರಪಳಿ ಎಂಬ ಅರ್ಥದ ಲ್ಯಾಟಿನ್ ಪದದಿಂದ ಆ ರೇಖೆಗೆ ‘ಕೆಟೆನರಿ’ ಎಂಬ ಹೆಸರು ಬಂತು.

ಕೆಟೆನರಿಯ ಗಣಿತದಲ್ಲಿ ಒಂದು ಸರಳ ಸತ್ಯ ಅಡಗಿದೆ. ನೇತಾಡುವ ಹಗ್ಗದ ಎರಡು ಬಿಂದುಗಳ ನಡುವಿನ ಎಳೆತದ ವ್ಯತ್ಯಾಸ, ಆ ಬಿಂದುಗಳ ನಡುವಿನ ಎತ್ತರದಷ್ಟು ಉದ್ದದ ಹಗ್ಗದ ತೂಕಕ್ಕೆ ಸಮ. ಹಗ್ಗ ಎಷ್ಟು ಓರೆಯಾಗಿದೆ, ಎಷ್ಟು ಉದ್ದವಿದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ; ಎತ್ತರವಷ್ಟೇ ಮುಖ್ಯ. ಹಾಗಾಗಿ ಹಡಗಿನ ಮೇಲಿನ ಎಳೆತವೆಂದರೆ, ಸಮುದ್ರದ ತಳದಲ್ಲಿ ಹಗ್ಗಕ್ಕೆ ಉಳಿದಿರುವ ಎಳೆತ, ಅದರ ಮೇಲೆ ಆಳದಷ್ಟು ಉದ್ದದ ತೂಕ. ಸಿಮ್ಯುಲೇಷನ್ ಫಲಿತಾಂಶ ಕೈಗೆ ಬಂದಾಗ ಅನುಭವಿ ಎಂಜಿನಿಯರ್ ಮೊದಲು ನೋಡುವುದು ಇದನ್ನೇ. ಯಂತ್ರ ಕೊಟ್ಟ ಸ್ಥಿರ ಸ್ಥಿತಿಯ ಎಳೆತ ಈ ಕೈಲೆಕ್ಕಕ್ಕೆ ಹೊಂದದಿದ್ದರೆ, ಯಂತ್ರಕ್ಕೆ ಕೊಟ್ಟ ಮಾಹಿತಿಯಲ್ಲೇ ಏನೋ ತಪ್ಪಿದೆ ಎಂದರ್ಥ.

ಆದರೆ ಇದು ನಿಂತ ಹಗ್ಗದ ಲೆಕ್ಕ. 1857ರ ಹಗ್ಗ ನಿಂತಿರಲಿಲ್ಲ.

*

ಆ ರಾತ್ರಿ ಆಗಿದ್ದು ಇಷ್ಟು. ಹಡಗು ಸಾಗುವ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಕೇಬಲ್ ಜಾರಿಹೋಗುತ್ತಿತ್ತು. ಹೀಗೇ ಬಿಟ್ಟರೆ ಅಮೆರಿಕ ಮುಟ್ಟುವ ಮೊದಲೇ ಕೇಬಲ್ ಮುಗಿದುಹೋಗುವ ಭಯ. ಅದಕ್ಕಾಗಿ ಬ್ರೇಕನ್ನು ಬಿಗಿ ಮಾಡಲಾಯಿತು. ಎಂಜಿನಿಯರ್ ಚಾರ್ಲ್ಸ್ ಬ್ರೈಟ್‌ಗೆ ಆಗ 25 ವರ್ಷ. ಆತ ಸ್ವಲ್ಪ ಹೊತ್ತು ಯಂತ್ರದ ಬಳಿಯಿಂದ ಸರಿದಿದ್ದಾಗ ಬ್ರೇಕಿನ ಕೆಲಸ ಸಹಾಯಕನ ಕೈಯಲ್ಲಿತ್ತು. ಅಲೆಯ ಮೇಲೆ ಹಡಗಿನ ಹಿಂಭಾಗ ಏಳುವಾಗ ಬ್ರೇಕ್ ಸಡಿಲ ಮಾಡಬೇಕು, ಮಾಡಲಿಲ್ಲ. ಹಿಂಭಾಗ ಮೇಲೆದ್ದಿತು, ಕೇಬಲ್ ಬಿಗಿಯಿತು, ಚಕ್ರ ತಿರುಗಲಿಲ್ಲ. ಅಷ್ಟೇ.

ಸಹಾಯಕನನ್ನು ದೂರುವುದು ಸುಲಭ. ಆದರೆ ಅವನ ಮುಂದಿದ್ದ ಸೂಚಕ ತೋರಿಸುತ್ತಿದ್ದದ್ದು ಬ್ರೇಕಿನ ಬಿಗಿಯನ್ನು, ಕೇಬಲ್ಲಿನ ಎಳೆತವನ್ನಲ್ಲ. ಆ ಬಿಗಿ ಕೇಬಲ್ಲಿನ ಶಕ್ತಿಯ ಅರ್ಧಕ್ಕಿಂತ ತುಸು ಹೆಚ್ಚಿತ್ತು, ಅಷ್ಟೇ. ನಿಂತುಹೋದ ಭಾರೀ ಚಕ್ರವನ್ನು ಮತ್ತೆ ತಿರುಗಿಸಲು ಬೇಕಾದ ಬಲ, ಹಡಗು ಏಳುವಾಗಿನ ಜಗ್ಗು – ಇವು ಯಾವುವೂ ಸೂಚಕದಲ್ಲಿ ಕಾಣುತ್ತಿರಲಿಲ್ಲ. ಒಂದು ವಸ್ತುವಿನ ಮೇಲಿನ ಭಾರವನ್ನು ಇನ್ನೊಂದರ ಮೇಲಿನ ಭಾರವೆಂದು ಓದಿದ್ದೇ ಅಲ್ಲಿನ ತೊಡಕು.

ಮುಂದಿನ ವರ್ಷ ಎರಡು ಬದಲಾವಣೆಗಳಾದವು. ಗೊತ್ತುಪಡಿಸಿದ ಮಿತಿ ದಾಟಿದೊಡನೆ ತಾನೇ ಸಡಿಲಗೊಳ್ಳುವ ಬ್ರೇಕ್ ಬಂತು. ಜೊತೆಗೆ ಕೇಬಲ್ಲಿನ ಎಳೆತವನ್ನೇ ಅಳೆಯುವ ಡೈನಮೋಮೀಟರ್ ಬಂತು. ಎರಡು ಚಕ್ರಗಳ ನಡುವೆ ಸಾಗುವ ಕೇಬಲ್ ಮೇಲೆ ತೂಕವಿರುವ ಮೂರನೆಯ ಚಕ್ರವನ್ನು ಕೂರಿಸುವುದು. ಕೇಬಲ್ ಬಿಗಿಯಾದರೆ ಚಕ್ರ ಮೇಲೇಳುತ್ತದೆ, ಸಡಿಲವಾದರೆ ಇಳಿಯುತ್ತದೆ. 1858ರ ಆಗಸ್ಟಿನಲ್ಲಿ ಕೇಬಲ್ ದಡ ಮುಟ್ಟಿತು. ಕೆಲವೇ ವಾರಗಳಲ್ಲಿ ಅದು ವಿದ್ಯುತ್ ದೋಷದಿಂದ ಮೌನವಾಯಿತು ಎಂಬುದು ಬೇರೆ ಕಥೆ. ಹಗ್ಗವಾಗಿ ಅದು ಗೆದ್ದಿತ್ತು.

*

1857ರ ಯಾತ್ರೆಯಲ್ಲಿ ಜೊತೆಗಿದ್ದ ‘ಅಗಮೆಮ್ನಾನ್’ ಹಡಗಿನಲ್ಲಿ ಗ್ಲಾಸ್ಗೋದ ಪ್ರೊಫೆಸರ್ ವಿಲಿಯಂ ಥಾಮ್ಸನ್ ಇದ್ದರು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು ಅವರೇ. ಊರಿಗೆ ಮರಳಿದ ಕೆಲವೇ ವಾರಗಳಲ್ಲಿ ಅವರು ಈ ಪ್ರಶ್ನೆಗೆ ಕೈಹಾಕಿದರು. ಹಡಗಿನ ಹಿಂದೆ ಇಳಿಯುವ ಕೇಬಲ್ ಕೆಟೆನರಿಯ ಆಕಾರ ತಾಳುತ್ತದೆ ಎಂಬ ನಂಬಿಕೆಯನ್ನು ಅವರು ತಲೆಕೆಳಗು ಮಾಡಿದರು. ಹಡಗು ಒಂದೇ ವೇಗದಲ್ಲಿ ಸಾಗುತ್ತಿದ್ದರೆ ಕೇಬಲ್ ನೀರಿನೊಳಗೆ ಓರೆಯಾದ ನೇರ ಗೆರೆಯಂತೆ ನಿಲ್ಲುತ್ತದೆ ಎಂದು ತೋರಿಸಿದರು. ಅಡ್ಡಲಾಗಿ ಮುಳುಗುವ ಪ್ರತಿ ತುಣುಕಿನ ತೂಕವನ್ನು ನೀರಿನ ತಡೆಯೇ ಸರಿದೂಗಿಸುತ್ತದೆ. 1865ರ ಕೇಬಲ್ ಕುರಿತ ಅವರ ಲೆಕ್ಕದಲ್ಲಿ ಆ ಗೆರೆಯ ಓರೆ ಏಳು ಡಿಗ್ರಿಗೂ ಕಡಿಮೆ. ಕೇಬಲ್ ತಳ ಮುಟ್ಟುವ ಜಾಗ ಹಡಗಿಗಿಂತ 30 ಕಿಲೋಮೀಟರಿನಷ್ಟು ಹಿಂದೆ!

ಥಾಮ್ಸನ್ ಇನ್ನೊಂದು ಸಂಗತಿಯನ್ನೂ ಎತ್ತಿ ತೋರಿಸಿದರು. ಕೇಬಲನ್ನು ತುಸು ಧಾರಾಳವಾಗಿ, ಸಡಿಲ ಬಿಟ್ಟು ಇಳಿಸಿದರೆ ಅದು ತನ್ನ ಉದ್ದಕ್ಕೂ ನೀರನ್ನು ಉಜ್ಜಿಕೊಂಡು ಜಾರುತ್ತದೆ. ಆ ಉಜ್ಜುವಿಕೆ ತೂಕದ ಒಂದು ದೊಡ್ಡ ಪಾಲನ್ನು ಹೊರುತ್ತದೆ, ಹಡಗಿನ ಮೇಲಿನ ಎಳೆತ ಕಡಿಮೆಯಾಗುತ್ತದೆ. ಅದೇ ಕೇಬಲನ್ನು ಹಿಂದಕ್ಕೆ ಎಳೆದುಕೊಂಡರೆ? ಉಜ್ಜುವಿಕೆ ಈಗ ವೈರಿಯಾಗಿ ತೂಕದ ಜೊತೆ ಸೇರುತ್ತದೆ. ಹಗ್ಗ ಅದೇ, ಆಳ ಅದೇ. ಇಳಿಸುತ್ತಿದ್ದೇವೆಯೋ ಎತ್ತುತ್ತಿದ್ದೇವೆಯೋ ಎಂಬುದರ ಮೇಲೆ ಭಾರ ಬೇರೆ.

ಸಡಿಲ ಬಿಡದ ಜಿಪುಣತನಕ್ಕೆ ಬೆಲೆ ತೆತ್ತದ್ದು ಭಾರತದ ಹಾದಿಯ ಕೇಬಲ್. 1857ರ ದಂಗೆಯ ಸುದ್ದಿ ಲಂಡನ್ ತಲುಪಲು ವಾರಗಟ್ಟಲೆ ಹಿಡಿದಿತ್ತು. ಆ ಗಾಬರಿಯಲ್ಲಿ ಬ್ರಿಟಿಷ್ ಸರ್ಕಾರ ಕೆಂಪು ಸಮುದ್ರದ ಮೂಲಕ ಸೂಯೆಜ್‌ನಿಂದ ಏಡನ್‌ಗೆ, ಅಲ್ಲಿಂದ ಕರಾಚಿಗೆ ಕೇಬಲ್ ಹಾಸುವ ಕಂಪನಿಗೆ ಐವತ್ತು ವರ್ಷ ನಾಲ್ಕೂವರೆ ಶೇಕಡ ಲಾಭದ ಖಾತರಿ ಕೊಟ್ಟಿತು. 1859 ಮತ್ತು 1860ರಲ್ಲಿ ಕೇಬಲ್ ಹಾಸಲಾಯಿತು. ಆದರೆ ತಳದ ಏರುತಗ್ಗುಗಳನ್ನು ಸರಿಯಾಗಿ ಅಳೆಯದೆ, ಸಾಕಷ್ಟು ಸಡಿಲ ಬಿಡದೆ ಬಿಗಿಯಾಗಿ ಹಾಸಿದ್ದರಿಂದ ಅದು ಬಂಡೆಯಿಂದ ಬಂಡೆಗೆ ತೂಗುಸೇತುವೆಯಂತೆ ನಿಂತಿತು. ಬೆಚ್ಚಗಿನ ಆ ನೀರಿನಲ್ಲಿ ಕೇಬಲ್ ಮೇಲೆ ಚಿಪ್ಪುಜೀವಿಗಳು ಬೆಳೆದವು, ತೂಕ ಏರಿತು, ಒಂದೊಂದೇ ಕಡೆ ಕೇಬಲ್ ಹರಿಯಿತು. ಅಂಗಳದಲ್ಲಿ ಬಟ್ಟೆ ಒಣಹಾಕುವ ತಂತಿಯನ್ನು ತೀರಾ ಬಿಗಿಯಾಗಿ ಕಟ್ಟಿದರೆ ಒಂದು ಒದ್ದೆ ಕಂಬಳಿಗೇ ಗೂಟ ಕಿತ್ತುಬರುತ್ತದಲ್ಲ, ಹಾಗೆ. ಹಾಸಿದ ದಿನ ಡೈನಮೋಮೀಟರ್ ಏನೇ ತೋರಿಸಿರಲಿ, ತಳದಲ್ಲಿ ಉಳಿದ ಎಳೆತವೇ ಆ ಕೇಬಲ್ಲಿಗೆ ಮುಳುವಾಯಿತು. ಈ ವೈಫಲ್ಯಗಳ ಬಗ್ಗೆ ವಿಚಾರಣೆ ನಡೆಸಿದ ಸಮಿತಿ 1861ರಲ್ಲಿ ವರದಿ ಕೊಟ್ಟಿತು. ಅಲ್ಲಿಯವರೆಗೆ ಜಗತ್ತಿನ ಕಡಲುಗಳಲ್ಲಿ ಹಾಸಿದ್ದ 11,364 ಮೈಲಿ ಕೇಬಲ್ಲಿನಲ್ಲಿ ಕೆಲಸ ಮಾಡುತ್ತಿದ್ದದ್ದು ಸುಮಾರು 3,000 ಮೈಲಿ ಮಾತ್ರ.

*

1865ರಲ್ಲಿ ಅಂದಿನ ಜಗತ್ತಿನ ಅತಿ ದೊಡ್ಡ ಹಡಗು ‘ಗ್ರೇಟ್ ಈಸ್ಟರ್ನ್’ ಅಟ್ಲಾಂಟಿಕ್ ಕೇಬಲ್ ಹೊತ್ತು ಹೊರಟಿತು. ಹೊಸ ಕೇಬಲ್ಲಿನ ಶಕ್ತಿ ಹಳೆಯದರ ಎರಡರಷ್ಟಕ್ಕಿಂತ ಹೆಚ್ಚು. ಗಾಳಿಯಲ್ಲಿ ಅದರ ತೂಕವೂ ಎರಡರಷ್ಟರ ಹತ್ತಿರ. ಆದರೆ ನೀರಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ತೂಕ. ಹೊಸ ಕೇಬಲ್ಲಿನ ದಪ್ಪ ರಬ್ಬರಿನಂಥ ಹೊದಿಕೆ ಮತ್ತು ಸೆಣಬಿನ ಸುತ್ತು ನೀರನ್ನು ಹೆಚ್ಚು ಪಕ್ಕಕ್ಕೆ ತಳ್ಳುತ್ತಿದ್ದವು. ಬಾವಿಯಿಂದ ನೀರು ಸೇದಿದವರಿಗೆ ಇದು ಗೊತ್ತು: ಕೊಡ ನೀರೊಳಗಿರುವಾಗ ಹಗ್ಗ ಹಗುರ, ಕೊಡ ಮೇಲೆದ್ದೊಡನೆ ತೋಳಿಗೆ ಭಾರ.

ಆಗಸ್ಟ್ 2ರಂದು, ಸುಮಾರು 2,200 ಕಿಲೋಮೀಟರ್ ಹಾಸಿದ ಮೇಲೆ, ದೋಷವಿದ್ದ ಭಾಗವನ್ನು ಸರಿಪಡಿಸಲು ಕೇಬಲನ್ನು ಹಿಂದಕ್ಕೆ ಎಳೆಯುತ್ತಿದ್ದಾಗ ಅದು ಹಡಗಿನ ಮೂತಿಗೆ ಉಜ್ಜಿ ಗಾಯಗೊಂಡು ಹರಿಯಿತು. ಆಗ ಮಾಡಿದ ಸಾಹಸ ನಮ್ಮ ಹಳ್ಳಿಯವರಿಗೆ ಪರಿಚಿತವಾದದ್ದೇ. ಬಾವಿಗೆ ಬಿದ್ದ ಕೊಡ ಎತ್ತಲು ಪಾತಾಳಗರಡಿ ಬಿಡುವಂತೆ ಅವರು ಮೂರೂವರೆ ಕಿಲೋಮೀಟರ್ ಆಳಕ್ಕೆ ಕೊಕ್ಕೆ ಬಿಟ್ಟರು. ಕೊಕ್ಕೆಗೆ ಕೇಬಲ್ ಸಿಕ್ಕಿತು ಕೂಡ. ಆದರೆ ಎತ್ತುವಾಗ ಕೊಕ್ಕೆಯ ಹಗ್ಗವೇ ಮತ್ತೆ ಮತ್ತೆ ತುಂಡಾಯಿತು.

ತಳದಲ್ಲಿ ಮಲಗಿದ ಕೇಬಲನ್ನು ನಡುವೆ ಹಿಡಿದು ಎತ್ತುವುದೆಂದರೆ ಎರಡು ಕೆಟೆನರಿಗಳನ್ನು ಒಟ್ಟಿಗೆ ಎತ್ತಿದಂತೆ. ಒಂದೇ ಕಡೆ ಎತ್ತಿದರೆ ಎಳೆತ ಅಪಾಯದ ಮಟ್ಟ ಮುಟ್ಟುತ್ತದೆ. ಹಲವು ಹಡಗುಗಳು ಬೇರೆ ಬೇರೆ ಕಡೆ ಎತ್ತಿದರೆ ಹಂಚಿಹೋಗುತ್ತದೆ ಎಂದು ಥಾಮ್ಸನ್ ಅದೇ ವರ್ಷದ ಡಿಸೆಂಬರಿನಲ್ಲಿ ಎಡಿನ್‌ಬರೋದಲ್ಲಿ ಮಂಡಿಸಿದ ಪ್ರಬಂಧದಲ್ಲಿ ಲೆಕ್ಕ ಹಾಕಿ ತೋರಿಸಿದರು. 1866ರಲ್ಲಿ ಹೊಸ ಕೇಬಲ್ ದಡ ಸೇರಿದ ಮೇಲೆ ‘ಗ್ರೇಟ್ ಈಸ್ಟರ್ನ್’ ಹಳೆಯದನ್ನು ಹುಡುಕಲು ಮರಳಿತು. ಈ ಸಲ ‘ಮೆಡ್ವೇ’ ಎಂಬ ಹಡಗು ಇನ್ನೊಂದು ಕಡೆ ಕೇಬಲನ್ನು ಎತ್ತಿ, ಬೇಕೆಂದೇ ಹರಿಯುವವರೆಗೂ ಎಳೆಯಿತು. ಅಲ್ಲಿ ತುಂಡಾದ್ದರಿಂದ ‘ಗ್ರೇಟ್ ಈಸ್ಟರ್ನ್’ ಎತ್ತುತ್ತಿದ್ದ ಭಾಗಕ್ಕೆ ಬೇಕಾದ ಸಡಿಲ ದಕ್ಕಿತು. ಕೇಬಲ್ ಮೇಲೆ ಬಂತು, ಜೋಡಣೆಯಾಯಿತು, ಸೆಪ್ಟೆಂಬರ್ 8ರಂದು ಎರಡನೆಯ ತಂತಿಯೂ ಅಮೆರಿಕ ಮುಟ್ಟಿತು. ನಾಲ್ಕು ವರ್ಷದ ನಂತರ ಇದೇ ಹಡಗು ಮುಂಬಯಿಯಿಂದ ಏಡನ್ ಕಡೆಗೆ ಕೇಬಲ್ ಹಾಸಿತು.

*

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಕಡಲಿಗೆ ಇಳಿದದ್ದು ತೈಲದ ಪೈಪು. ಪೈಪು ಎಂದರೆ ಒಳಗೂ ದ್ರವ, ಹೊರಗೂ ದ್ರವ. ಇಲ್ಲಿ ಎಳೆತ ಎಂಬ ಪದಕ್ಕೇ ಎರಡು ಅರ್ಥ ಬಂತು.

ಎರಡು ಕಿಲೋಮೀಟರ್ ಉದ್ದದ ಉಕ್ಕಿನ ಸರಳನ್ನು ಸಮುದ್ರದಲ್ಲಿ ನೇರವಾಗಿ ತೂಗುಬಿಟ್ಟಿದ್ದೇವೆ ಎಂದುಕೊಳ್ಳಿ. ಅದರ ಕೆಳತುದಿಯನ್ನು ನೀರು ಸುಮಾರು 200 ವಾತಾವರಣದಷ್ಟು ಒತ್ತಡದಿಂದ ಮೇಲಕ್ಕೆ ತಳ್ಳುತ್ತಿದೆ. ಹಾಗಾಗಿ ತುದಿಯ ಬಳಿ ಉಕ್ಕು ಹಿಗ್ಗುತ್ತಿಲ್ಲ, ಕುಗ್ಗುತ್ತಿದೆ. ಎರಡೂ ಕಡೆಯಿಂದ ಒತ್ತಿದ ಬೆತ್ತ ಬಾಗುವಂತೆ ಈ ಸರಳೂ ಬಾಗಬೇಕಲ್ಲವೇ? ಬಾಗುವುದಿಲ್ಲ. ತುದಿಯನ್ನು ಒತ್ತುವ ನೀರೇ ಸುತ್ತಲಿನಿಂದಲೂ ಒತ್ತಿ ಅದನ್ನು ನೆಟ್ಟಗಿಡುತ್ತದೆ. ಬಾಗುವ ಪ್ರಶ್ನೆ ಬಂದಾಗ ನೋಡಬೇಕಾದದ್ದು ಉಕ್ಕಿನೊಳಗಿನ ಬಲವನ್ನಲ್ಲ. ಒಳಗಿನ ಮತ್ತು ಹೊರಗಿನ ಒತ್ತಡಗಳನ್ನು ಸೇರಿಸಿ ಲೆಕ್ಕ ಹಾಕಿದ ‘ಪರಿಣಾಮಕಾರಿ ಎಳೆತ’ವನ್ನು. ಸರಳಿನ ಕೆಳತುದಿಯಲ್ಲಿ ಇದು ಸೊನ್ನೆ. ಮೇಲಕ್ಕೆ ಬಂದಂತೆ ನೀರಿನಲ್ಲಿನ ತೂಕದಷ್ಟೇ ಏರುತ್ತದೆ. ಹೊರಗಿನ ಒತ್ತಡ ಇಲ್ಲದ ನೀರಿನ ಮೇಲ್ಮೈಯಲ್ಲಿ ಎರಡೂ ಒಂದೇ. ಥಾಮ್ಸನ್ ತಮ್ಮ ಲೆಕ್ಕದಲ್ಲಿ ಕೇಬಲ್ಲಿನ ನೀರಿನ ತೂಕವನ್ನು ಬಳಸಿದಾಗ, ಈ ಹೆಸರು ಹುಟ್ಟುವ ಮೊದಲೇ, ಪರಿಣಾಮಕಾರಿ ಎಳೆತವನ್ನೇ ಲೆಕ್ಕ ಹಾಕುತ್ತಿದ್ದರು.

ಇದರ ಉಲ್ಟಾ ಸ್ಥಿತಿ ಇನ್ನೂ ಮೋಸದ್ದು. ಪೈಪಿನೊಳಗೆ ಒತ್ತಡ ಬಹಳ ಏರಿದರೆ ಗೋಡೆಯ ಉಕ್ಕು ಹಿಗ್ಗುತ್ತಲೇ ಇರಬಹುದು, ಆದರೂ ಪೈಪು ಬಾಗಿಹೋಗಬಹುದು. ಕೊರೆಯುವ ಪೈಪುಗಳು ಎಲ್ಲಿ ಬಾಗುತ್ತವೆ ಎಂದು 1950ರಲ್ಲಿ ಆರ್ಥರ್ ಲುಬಿನ್ಸ್ಕಿ ಬರೆದಾಗಿನಿಂದ ಈ ಕುರಿತು ಎಂಜಿನಿಯರುಗಳ ನಡುವೆ ವಾದಗಳು ನಡೆದವು. 1984ರಲ್ಲಿ ಸಿ. ಪಿ. ಸ್ಪಾರ್ಕ್ಸ್ ಇದನ್ನೆಲ್ಲ ಆರ್ಕಿಮಿಡೀಸನ ಹಳೆಯ ತತ್ತ್ವದಿಂದಲೇ ಬಿಡಿಸಿ ತೋರಿಸಿದರು. ಇಂದಿನ ಸಾಫ್ಟ್‌ವೇರುಗಳು ಎರಡು ಎಳೆತಗಳನ್ನೂ ಪಕ್ಕಪಕ್ಕದಲ್ಲಿ ಮುದ್ರಿಸುತ್ತವೆ. ಬಾಗುತ್ತದೆಯೇ ಎಂಬುದಕ್ಕೆ ಒಂದು, ಉಕ್ಕು ತಾಳುತ್ತದೆಯೇ ಎಂಬುದಕ್ಕೆ ಇನ್ನೊಂದು. ಎರಡನ್ನೂ ಅದಲುಬದಲು ಮಾಡಿದರೆ ಸುರಕ್ಷಿತವಾದದ್ದು ಅಪಾಯವೆಂದೂ, ಅಪಾಯದ್ದು ಸುರಕ್ಷಿತವೆಂದೂ ಕಾಣುತ್ತದೆ.

*

ಕಡಲಿನ ಅಲೆಗಳು ಒಂದೇ ಅಳತೆಯವಲ್ಲ. ಹಾಗಾಗಿ ಕಂಪ್ಯೂಟರಿನಲ್ಲಿ ಮೂರು ಗಂಟೆಯ ಒಂದು ಬಿರುಗಾಳಿಯನ್ನು ಸೃಷ್ಟಿಸಿ ಹಗ್ಗದ ಅತಿ ಹೆಚ್ಚಿನ ಎಳೆತ ಇಷ್ಟು ಎಂದರೆ, ಅದು ಆ ಒಂದು ಬಿರುಗಾಳಿಯ ಕಥೆ ಮಾತ್ರ. ಅಷ್ಟೇ ರಭಸದ, ಅಲೆಗಳ ಕ್ರಮ ಮಾತ್ರ ಬೇರೆಯಾದ ಇನ್ನೊಂದು ಬಿರುಗಾಳಿ ಇನ್ನೊಂದು ಸಂಖ್ಯೆ ಕೊಡುತ್ತದೆ. ಮುನ್ನೂರು ಸಲ ಕವಡೆ ಎಸೆದು ಬಂದ ಅತಿ ದೊಡ್ಡ ಗರವನ್ನು ಒಂದೇ ಆಟದಿಂದ ಹೇಳಲಾಗದಂತೆ. ಅದಕ್ಕಾಗಿ ಹಲವು ಬಾರಿ ಓಡಿಸಿ, ಸಿಕ್ಕ ಗರಿಷ್ಠಗಳ ಹಂಚಿಕೆಯನ್ನು ನೋಡುತ್ತಾರೆ. ಎಮಿಲ್ ಗುಂಬೆಲ್ 1958ರಲ್ಲಿ ಪುಸ್ತಕವಾಗಿ ತಂದ ಪರಮಾವಧಿಗಳ ಸಂಖ್ಯಾಶಾಸ್ತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ. 1995ರ ಜನವರಿ 1ರಂದು ಉತ್ತರ ಸಮುದ್ರದ ಡ್ರಾಪ್ನರ್ ವೇದಿಕೆಯ ಬಳಿ ಸುಮಾರು 12 ಮೀಟರ್ ಮಟ್ಟದ ಅಲೆಗಳ ನಡುವೆ 25.6 ಮೀಟರಿನ ಒಂದೇ ಒಂದು ಅಲೆ ದಾಖಲಾಯಿತು. ಸರಾಸರಿಯನ್ನು ನಂಬಿ ಕೂತವರಿಗೆ ಅದು ಎಚ್ಚರಿಕೆ.

ದೊಡ್ಡ ಸಂಖ್ಯೆ ಕಂಡೊಡನೆ ಹೆದರಬೇಕಾದದ್ದೂ ಇಲ್ಲ. ಎಳೆತದ ನಕ್ಷೆಯಲ್ಲಿ ಒಂದು ಚೂಪಾದ ಶಿಖರ ಕಂಡರೆ ಎರಡು ಸಾಧ್ಯತೆಗಳಿವೆ. ಹಗ್ಗ ಒಂದು ಕ್ಷಣ ಪೂರ್ತಿ ಸಡಿಲವಾಗಿ ಮರುಕ್ಷಣ ಜಗ್ಗಿದ್ದರೆ ಆ ಶಿಖರ ನಿಜ. ಲೆಕ್ಕದ ಕಾಲಹೆಜ್ಜೆ ಒರಟಾಗಿದ್ದರೆ ಅದು ಯಂತ್ರದ ಭ್ರಮೆ. ಹೆಜ್ಜೆಯನ್ನು ಚಿಕ್ಕದು ಮಾಡಿ ಮತ್ತೆ ಓಡಿಸಿದರೆ ಮಾಯವಾಗುತ್ತದೆ. ಹಾಗೆಯೇ ಶಿಖರದ ಹಿಂದಿನ ಸೊನ್ನೆಯನ್ನು ನೋಡದೆ ಬಿಡಬಾರದು. ಸೊನ್ನೆ ಎಳೆತ ವಿಶ್ರಾಂತಿಯಲ್ಲ, ಜಗ್ಗುವಿಕೆಯ ಮುನ್ಸೂಚನೆ.

ಗರಿಷ್ಠ ಭಾರವೇ ಎಲ್ಲವೂ ಅಲ್ಲ ಎಂಬುದಕ್ಕೆ ಅತಿ ನೋವಿನ ಸಾಕ್ಷಿ ಹಗ್ಗದಿಂದಲ್ಲ, ಉಕ್ಕಿನ ಕಂಬದಿಂದ ಬಂತು. 1980ರ ಮಾರ್ಚ್ 27ರಂದು ನಾರ್ವೆಯ ‘ಅಲೆಕ್ಸಾಂಡರ್ ಕೀಲಾಂಡ್’ ತೇಲುವೇದಿಕೆ ಮಗುಚಿ, ಅದರಲ್ಲಿದ್ದ 212 ಜನರಲ್ಲಿ 123 ಮಂದಿ ಸತ್ತರು. ಒಂದು ಆಧಾರದೂಲಕ್ಕೆ ಹೈಡ್ರೋಫೋನ್ ಕೂರಿಸಲು ಹಾಕಿದ್ದ ಬೆಸುಗೆಯಲ್ಲಿ ಬಿರುಕು ಹುಟ್ಟಿ, ದಿನನಿತ್ಯದ ಅಲೆಗಳ ಬಡಿತಕ್ಕೆ ಮೆಲ್ಲಗೆ ಬೆಳೆದಿತ್ತು. ಅಲ್ಲಿ ಅದನ್ನು ಮುರಿದದ್ದು ಮಹಾ ಅಲೆಯೊಂದಲ್ಲ. ಸಣ್ಣ ಭಾರಗಳ ದೊಡ್ಡ ಎಣಿಕೆ. ಅಲ್ಲಿಂದೀಚೆಗೆ ಕಡಲಿನ ಯಾವುದೇ ಪೈಪು, ಸರಪಳಿಯ ವರದಿಯಲ್ಲಿ ಎಷ್ಟು ಭಾರ ಎಂಬುದರ ಪಕ್ಕದಲ್ಲಿ ಎಷ್ಟು ಸಲ ಎಂಬುದೂ ಇರಲೇಬೇಕು ಎಂಬ ಒತ್ತಾಯ ಬಲವಾಯಿತು.

ಇವತ್ತು ಮಂಗಳೂರಿನ ಹೊರಗಡಲಿನಲ್ಲಿ ಕಚ್ಚಾತೈಲ ತರುವ ಭಾರೀ ಹಡಗುಗಳು ಒಂದು ತೇಲುಬುರುಡೆಗೆ ಹಗ್ಗ ಕಟ್ಟಿ ನಿಲ್ಲುತ್ತವೆ. ಬುರುಡೆಯನ್ನು ತಳಕ್ಕೆ ಹಿಡಿದಿರುವುದು ಸರಪಳಿಗಳು. ತೈಲ ಇಳಿಯುವುದು ಮೆತುಕೊಳವೆಗಳಲ್ಲಿ. ಮಳೆಗಾಲದ ಅರಬ್ಬೀ ಸಮುದ್ರ ಹೇಗಿರುತ್ತದೆ ಎಂದು ಕರಾವಳಿಯವರಿಗೆ ಹೇಳಬೇಕಿಲ್ಲ. ಇಂಥ ಒಂದೊಂದು ಸರಪಳಿಯ ಹಿಂದೆಯೂ ಯಾರೋ ಓದಿದ ಸಂಖ್ಯೆಗಳಿವೆ. ಆ ಭಾರ ಯಾವುದರ ಮೇಲಿನದು, ಹಗ್ಗದ ಯಾವ ಜಾಗದ್ದು, ನಿಂತಾಗಿನದೋ ಚಲಿಸುವಾಗಿನದೋ, ಎಷ್ಟು ಬಿರುಗಾಳಿಗಳಲ್ಲಿ ಒಂದು, ಎಷ್ಟು ಸಲ ಮರಳಿ ಬರುವಂಥದ್ದು – ಇಷ್ಟನ್ನೂ ಕೇಳಿದ ಮೇಲೆಯೇ ಆ ಸಂಖ್ಯೆಗೆ ಸಹಿ ಬೀಳಬೇಕು. 1857ರಲ್ಲಿ ಬ್ರೇಕ್ ಹಿಡಿದು ನಿಂತಿದ್ದವನಿಗೆ ಈ ಪ್ರಶ್ನೆಗಳನ್ನು ಕಲಿಸಿಕೊಟ್ಟವರು ಯಾರೂ ಇರಲಿಲ್ಲ. ನಮಗೆ ಆ ನೆಪವಿಲ್ಲ.